ಹಸುಗೂಸಿನ ವಾಲ್ವ್ ಆಪರೇಷನ್: ಪಂಪ್ ನಡೆಸುವವನ ಅನುಭವ

ನಾನು ಡಾಕ್ಟರ್ ಅಲ್ಲ, ಪರ್ಫ್ಯೂಷನಿಸ್ಟ್. ಆಪರೇಷನ್ ನಡೆಯುವಾಗ ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಮಾಡುವ ಮೆಷಿನ್ ನನ್ನ ಕೈಯಲ್ಲಿರುತ್ತದೆ. ಹಸುಗೂಸಿಗೆ ಹೃದಯದ ವಾಲ್ವ್ ಬದಲಾಯಿಸುವ ಕೇಸ್ ಅಪರೂಪ. ಇರುವ ವಾಲ್ವನ್ನೇ ಹೇಗಾದರೂ ರಿಪೇರಿ ಮಾಡೋಣ ಅಂತಲೇ ಸರ್ಜನ್‌ಗಳು ನೋಡುತ್ತಾರೆ. ಮಗು ಬೆಳೆಯುತ್ತದೆ, ಹಾಕಿದ ವಾಲ್ವ್ ಬೆಳೆಯಲ್ಲ, ಅಲ್ವಾ?

ನನ್ನ ತಲೆನೋವು ರಕ್ತದ ಲೆಕ್ಕ. ಕೆಜಿಗೆ ಸುಮಾರು 85 ಮಿ.ಲೀ. ಅಂತ ಹಿಡಿದರೆ 4 ಕೆಜಿ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ 340 ಮಿ.ಲೀ. ಮೆಷಿನ್‌ನ ಪೈಪು, ಆಕ್ಸಿಜನೇಟರ್ (ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗ) ತುಂಬುವುದಕ್ಕೇ ಹೆಚ್ಚುಕಡಿಮೆ ಅಷ್ಟು ಬೇಕು. ಸುಮ್ನೆ ಸಲೈನ್ ತುಂಬಿ ಶುರು ಮಾಡಿದರೆ ರಕ್ತ ನೀರಾಗಿಬಿಡುತ್ತದೆ. ಅದಕ್ಕೇ ಪಂಪನ್ನು ಟೇಬಲ್ ಪಕ್ಕಕ್ಕೇ ಎಳೆದುಕೊಂಡು, ಪೈಪನ್ನು ಎಷ್ಟು ಗಿಡ್ಡ ಮಾಡಬಹುದೋ ಅಷ್ಟು ಕತ್ತರಿಸುತ್ತೇನೆ, ಒಂದು ಗೇಣು ಉಳಿದರೂ ಲಾಭವೇ. ಆಮೇಲೆ ಬ್ಲಡ್ ಬ್ಯಾಂಕ್‌ನಿಂದ ತಾಜಾ ರಕ್ತ ಬೇಕು ಅಂತ ಹಟ ಹಿಡಿಯುತ್ತೇನೆ. ಹಳೆಯ ಬ್ಯಾಗ್‌ನಲ್ಲಿ ಪೊಟ್ಯಾಸಿಯಂ ಏರಿರುತ್ತದೆ, ಅದು ಸೀದಾ ಇಷ್ಟು ಚಿಕ್ಕ ಹೃದಯಕ್ಕೆ ಹೋದರೆ ಬಡಿತವೇ ತಪ್ಪಬಹುದು. ತಾಜಾ ಸಿಕ್ಕರೂ ಒಮ್ಮೆ ಫಿಲ್ಟರ್‌ನಲ್ಲಿ ಸುತ್ತಿಸಿ, ಬ್ಲಡ್ ಗ್ಯಾಸ್ ಟೆಸ್ಟ್ ನೋಡಿಯೇ ಮಗುವಿಗೆ ಜೋಡಿಸುವುದು.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 480 ಸೆಕೆಂಡ್ ದಾಟಿದ ಮೇಲೆ ಪಂಪ್ ಶುರು. ದೊಡ್ಡವರ ಕೇಸ್‌ನಲ್ಲಿ 50 ಮಿ.ಲೀ. ಆಚೀಚೆ ಆದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಇಲ್ಲಿ ಅದು ಮಗುವಿನ ರಕ್ತದ ಏಳನೇ ಒಂದು ಭಾಗ. ರಕ್ತ ಬಂದು ಸೇರುವ ರಿಸರ್ವಾಯರ್ ಮಟ್ಟದಿಂದ ಕಣ್ಣು ತೆಗೆಯುವ ಹಾಗೇ ಇಲ್ಲ.

ಸರ್ಜನ್ ಸೈಜರ್ (ವಾಲ್ವ್ ಜಾಗ ಅಳೆಯುವ ಸಾಧನ) ಇಟ್ಟು ನೋಡುವಾಗ ನನ್ನ ಕಿವಿ ಅತ್ತಲೇ. ಮೆಕ್ಯಾನಿಕಲ್ ವಾಲ್ವ್‌ಗಳಲ್ಲಿ ಅತಿ ಚಿಕ್ಕದು 15 ಮಿ.ಮೀ., ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟದ್ದೇ 2018ರಲ್ಲಿ. ಮೈಟ್ರಲ್ ಜಾಗದಲ್ಲಿ (ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವೆ) ಅದೂ ಹಿಡಿಸದಿದ್ದರೆ ಸ್ವಲ್ಪ ಮೇಲೆ, ಎಡ ಏಟ್ರಿಯಂನಲ್ಲೇ, ಅಂದರೆ ಮೇಲಿನ ಕೋಣೆಯಲ್ಲೇ, ಕೂರಿಸುತ್ತಾರೆ. ಅದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತದೆ ಅಂತ ಕಾರ್ಡಿಯೋಪ್ಲೀಜಿಯಾದ (ಹೃದಯವನ್ನು ನಿಲ್ಲಿಸಿಡುವ ದ್ರವದ) ಇನ್ನೊಂದು ಡೋಸ್ ರೆಡಿ ಇಟ್ಟಿರುತ್ತೇನೆ.

ಪಂಪ್ ನಿಲ್ಲಿಸಿದ ಮೇಲೂ ಹತ್ತು ಹದಿನೈದು ನಿಮಿಷ ನನಗೆ ಕೆಲಸ ಇರುತ್ತದೆ. ಮಗುವಿನ ರಕ್ತವನ್ನು ಫಿಲ್ಟರ್ ಮೂಲಕ ಹಾಯಿಸಿ, ಸೇರಿಕೊಂಡ ನೀರನ್ನು ತೆಗೆಯುತ್ತೇವೆ. ಬಿಪಿ ಮೆಲ್ಲಗೆ ಏರುವುದು ಮಾನಿಟರ್‌ನಲ್ಲೇ ಕಾಣುತ್ತದೆ.

ಮಗು ಬೆಳೆದಾಗ ವಾಲ್ವ್ ಸಾಲದೆ ಮತ್ತೆ ಬರುತ್ತದೆ. ಆಗ ರಕ್ತದ ಲೆಕ್ಕ ಸುಲಭ. ಆದರೆ ಹಳೆಯ ಆಪರೇಷನ್‌ನಿಂದ ಹೃದಯ ಎದೆಮೂಳೆಗೆ ಅಂಟಿಕೊಂಡಿರುತ್ತದಲ್ಲ, ಮೂಳೆ ಕತ್ತರಿಸುವಾಗ ಹೃದಯಕ್ಕೆ ಗಾಯವಾದರೆ ಅಂತ ಎದೆ ತೆರೆಯುವ ಮೊದಲೇ ನಾನು ಪಂಪ್ ತುಂಬಿಸಿಟ್ಟುಕೊಂಡು ಕೂತಿರಬೇಕು.