ಮೇ ಲಾ ಶಿಬಿರದ ಸಂಡೇ ಸ್ಕೂಲ್: ನಾವು ಮಾಡಿದ ಕ್ರಮ

ಥಾಯ್ಲೆಂಡಿನ ಮೇ ಸೋಟ್‌ನಿಂದ ಉತ್ತರಕ್ಕೆ ಸುಮಾರು 60 ಕಿ.ಮೀ. ಹೋದರೆ ಮೇ ಲಾ. ಬರ್ಮಾದಿಂದ ಓಡಿಬಂದ ಕರೆನ್ ಜನರ ಶಿಬಿರ, 1984ರಿಂದ ಇದೆ. ಆ ಜನರಿಗೆ ಸುವಾರ್ತೆ ಹೊಸದಲ್ಲ. ಕರೆನ್ನರಲ್ಲಿ ಮೊದಲ ಕ್ರೈಸ್ತನಾದ ಕೋ ಥಾ ಬ್ಯು ದೀಕ್ಷಾಸ್ನಾನ ಪಡೆದದ್ದು 1828ರಲ್ಲಿ. ಕರೆನ್ ಭಾಷೆಗಳಲ್ಲಿ ಒಂದಾದ ಸ್ಗಾ ಕರೆನ್‌ನ ಪೂರ್ಣ ಸತ್ಯವೇದ 1853ರಲ್ಲೇ ಅಚ್ಚಾಯಿತು. ಸಭೆ ನಡೆಸುವವರೂ ಕರೆನ್ ಪಾಲಕರೇ. ಆದ್ದರಿಂದ ಪ್ರಸಂಗ ಅವರಿಗೇ ಬಿಟ್ಟು, ನಾವು ಸಂಡೇ ಸ್ಕೂಲ್ ಶಿಕ್ಷಕಿಯರ ತರಬೇತಿ ಹಿಡಿದೆವು.

ಮೊದಲು ಹೆಸರಿನ ಪಟ್ಟಿ. ‘ಸಾ’, ‘ನೋ’ ಎಂಬುವು ಗಂಡು, ಹೆಣ್ಣಿಗೆ ಹಚ್ಚುವ ಗೌರವಸೂಚಕಗಳು, ಹೆಸರಲ್ಲ. ಮನೆತನದ ಹೆಸರೂ ಇರುವುದಿಲ್ಲ. ಮೊದಲ ಪದವನ್ನೇ ಹೆಸರೆಂದು ಬರೆದರೆ ಹುಡುಗರೆಲ್ಲ ‘ಸಾ’ ಆಗಿಬಿಡುತ್ತಾರೆ. ಹೆಸರು ಪೂರ್ತಿ ಬರೆದು, ಪಕ್ಕದಲ್ಲಿ ತಾಯಿಯ ಹೆಸರನ್ನೂ ಸೇರಿಸಿ. ಶಿಕ್ಷಕರನ್ನು ‘ಥ್ರಾ’, ಶಿಕ್ಷಕಿಯರನ್ನು ‘ಥ್ರಾಮು’ ಎನ್ನಬೇಕು.

ಪಾಠದ ಹಾಳೆಯಲ್ಲೇ ಹೆಚ್ಚು ಎಡವುವುದು. ಬರ್ಮೀಸ್ ಲಿಪಿಯಿಂದ ರೂಪಿಸಿದ ಸ್ಗಾ ಕರೆನ್ ಅಕ್ಷರಗಳು ನಮ್ಮ ಕನ್ನಡದಂತೆಯೇ ದುಂಡಗೆ, ಕಣ್ಣಿಗೆ ಹತ್ತಿರ. ಆದರೆ ದನಿಯ ಏರಿಳಿತ ಹೇಳುವ ಗುರುತು ಪದಭಾಗದ ಕೊನೆಗೆ ಬರುತ್ತದೆ. ಜೆರಾಕ್ಸ್ ಮಸುಕಾಗಿ ಅದು ಅಳಿಸಿದರೆ ಅರ್ಥವೇ ಬೇರೆ. ಅಕ್ಷರ 18 ಪಾಯಿಂಟಿಗಿಂತ ಸಣ್ಣದು ಬೇಡ. ಹಳೆಯ ಫಾಂಟಿನ ಕಡತ ಬೇರೆ ಕಂಪ್ಯೂಟರಿನಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ, ಪಿಡಿಎಫ್ ಮಾಡಿಯೇ ಒಯ್ಯಿರಿ. ಇನ್ನೊಂದು ಕರೆನ್ ಭಾಷೆಯಾದ ಪ್ವೋ ಮಾತಾಡುವ ಮಕ್ಕಳಿದ್ದರೆ ಸ್ಗಾ ಹಾಳೆ ಸಾಲದು, ಪ್ವೋ ಬಲ್ಲ ಥ್ರಾಮು ಬೇಕು.

ಹಾಡಿಗೆ ಅಕ್ಕಿಚೀಲ ಸಾಕು. ಪಕ್ಕದ ಹೊಲಿಗೆ ಬಿಚ್ಚಿ, ಒಳಮಗ್ಗುಲಲ್ಲಿ ಡೋ‑ರೇ‑ಮಿ ಸ್ವರಲಿಪಿ ಮಾರ್ಕರ್‌ನಿಂದ ಬರೆದು ಬಿದಿರಗೋಡೆಗೆ ಕಟ್ಟುತ್ತೇವೆ. ನಾಲ್ಕು ಧ್ವನಿಗೆ ನಾಲ್ಕು ಸಾಲು. ಮಳೆಗಾಲದಲ್ಲಿ ಕಾಗದ ಬೂಸ್ಟು ಹಿಡಿಯುತ್ತದೆ, ಚೀಲಕ್ಕೆ ಏನೂ ಆಗುವುದಿಲ್ಲ. ಕರೆನ್ ಸಭೆಯವರು ಈ ಲಿಪಿ ನೋಡಿದೊಡನೆ ಹಾಡುತ್ತಾರೆ; ಇಲ್ಲಿ ಕಲಿಯಬೇಕಾದವರು ನಾವೇ.

‘ಹೇಗೆ ಓಡಿಬಂದಿರಿ?’ ಎಂದು ಮಕ್ಕಳನ್ನು ಕೇಳಲೇಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಅಕ್ಕಿ, ಕಂಬಳಿ ಯಾವುದನ್ನೂ ಆರಾಧನೆಯ ದಿನ, ಆರಾಧನೆಯ ಜಾಗದಲ್ಲಿ ಹಂಚಬಾರದು. ಶಿಬಿರದಲ್ಲಿ ಬೌದ್ಧರಿದ್ದಾರೆ, ಮುಸ್ಲಿಮರಿದ್ದಾರೆ. ಹಸಿದವರ ಮುಂದೆ ಅನ್ನಕ್ಕೆ ಷರತ್ತು ಹಾಕಿದರೆ ಅದು ಸುವಾರ್ತೆಯೇ ಅಲ್ಲ.

2005ರಿಂದ ಅಮೆರಿಕದ ಮರುವಸತಿ ದೊಡ್ಡದಾಗಿ ಶುರುವಾದಾಗ ಓದುಬರಹ ಬಲ್ಲವರು ಬಹಳ ಮಂದಿ ಹೊರಟರು. ಹಾಗಾಗಿ ಪ್ರತಿ ತರಗತಿಗೆ ಇಬ್ಬರು ಥ್ರಾಮು: ಒಂದು ವಾರ ಒಬ್ಬರು ಕಲಿಸಿದರೆ ಇನ್ನೊಬ್ಬರು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು, ಮರುವಾರ ಅದಲುಬದಲು. ಆ ನೋಟ್‌ಬುಕ್ ಯಾರ ಮನೆಗೂ ಹೋಗಬಾರದು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಭೆಯಲ್ಲೇ ಇರಬೇಕು.