ಅಜ್ಜನ ಮಾಳಿಗೆ ಮನೆಯಲ್ಲಿ ರೊಟ್ಟಿ ಒಲೆ

ಬೀದರ್ ಕಡೆಯ ಎತ್ತರದ ಬಯಲು ಮುಗಿದು ಇಳಿಜಾರು ಶುರುವಾಗುವಲ್ಲಿ ನಮ್ಮೂರು. ಅಜ್ಜ ಕಟ್ಟಿದ ಮಾಳಿಗೆ ಮನೆಗೆ, ಅಂದರೆ ಜಂತಿಯ ಮೇಲೆ ಮಣ್ಣು ಹಾಕಿದ ಮಟ್ಟಸ ಚಾವಣಿಯ ಮನೆಗೆ, 11 ವರ್ಷದಿಂದ ಬೀಗ. ಕೆಡವಿ ಆರ್‌ಸಿಸಿ ಹಾಕೋಣ ಅಂತ ಎಲ್ಲರ ಮಾತು. ಆದರೆ ನನ್ನ ಹೆಂಡತಿ ಇನ್ನು ಮೂವರನ್ನು ಕಟ್ಟಿಕೊಂಡು ರೊಟ್ಟಿ ಬಡಿದು ಮಾರುತ್ತಿದ್ದದ್ದು ಪತ್ರಾಸ್ (ತಗಡಿನ) ಶೆಡ್ಡಿನಲ್ಲಿ, ಏಪ್ರಿಲ್ ಬಂತೆಂದರೆ ಒಲೆಯ ಕಾವು ಯಾವುದು, ಬಿಸಿಲ ಕಾವು ಯಾವುದು ಗೊತ್ತೇ ಆಗುತ್ತಿರಲಿಲ್ಲ. ಅಜ್ಜನ ಮನೆಯೊಳಗೆ ಕಾಲಿಟ್ಟರೆ ತಂಪು. ಅಲ್ಲೇ ಒಲೆ ಹೂಡೋಣ ಅಂತಾಯಿತು.

ಮೊದಲ ತಪ್ಪು ನನ್ನದೇ. ಗೋಡೆ ಕೆಂಪುಕಲ್ಲಿನದು. ಬೀದರ್ ಕೋಟೆಯ ಕಂದಕ ಕೊರೆದಿದ್ದೂ ಇದೇ ಕಲ್ಲಿನಲ್ಲಿ. ಸಂದಿನ ಗಾರೆ ಉದುರುತ್ತಿತ್ತು, ನೋಡೋಕೆ ಚೆಂದ ಇರಲಿ ಅಂತ ಸುಮ್ನೆ ಒಳಗೆಲ್ಲ ಸಿಮೆಂಟ್ ಬಳಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮೊಣಕಾಲೆತ್ತರಕ್ಕೆ ಉಬ್ಬಿ ಪುಡಿಪುಡಿ. ಪಕ್ಕದೂರಿನ ಗೌಂಡಿ ಕಾಕಾ ಬಂದು ಉಳಿಯಿಂದ ಅಂಗೈಯಗಲ ಎಬ್ಬಿಸಿದರು. ಹಿಂದಿನ ಕಲ್ಲು ಇನ್ನೂ ಒದ್ದೆ.

"ಈ ಕಲ್ಲು ನೀರು ಕುಡಿತದ, ಬಿಸಲಿಗಿ ಉಗುಳತದ. ನೀ ಅದರ ಬಾಯೇ ಮುಚ್ಚಿದಿ ತಮ್ಮಾ" ಅಂದರು.

ಅಷ್ಟೂ ಕೀಳಿಸಿ ಸುಣ್ಣದ ಗಾರೆ ಮಾಡಿಸಿದೆ. ಎರಡೆರಡು ಖರ್ಚು, ಮನೆಯಲ್ಲಿ ಬೈಗುಳ ಬೇರೆ.

ಮಾಳಿಗೆ ಇನ್ನೂ ಕಷ್ಟ ಕೊಟ್ಟಿತು. ಸೋರಿದಾಗಲೆಲ್ಲ ಮಣ್ಣು ಹಾಕುತ್ತಾ ಹೋಗಿ ಒಂದೂವರೆ ಅಡಿ ದಪ್ಪ ಆಗಿತ್ತು. ಹತ್ತಡಿಗೆ ಹತ್ತಡಿಯ ಒಂದು ಖೋಲಿ ಮೇಲೇ 150 ಘನ ಅಡಿ ಮಣ್ಣು, ಅಂದರೆ ಆರು ಟನ್ನಿಗೂ ಜಾಸ್ತಿ. ಜಂತಿ ಬಾಗದೆ ಏನು ಮಾಡೀತು? ಎಲ್ಲ ಇಳಿಸಿ, ಗೆದ್ದಲು ತಿಂದ ನಾಲ್ಕು ಜಂತಿ ತೆಗೆದು, ಊರಲ್ಲಿ ಕೆಡವಿದ ಇನ್ನೊಂದು ಮನೆಯ ಹಳೇ ಸಾಗವಾನಿ ಕೂರಿಸಿದೆವು. ಅದರ ಮೇಲೆ ಹಲಗೆ, ಬೇವಿನ ಸೊಪ್ಪು, ಅರ್ಧ ಅಡಿ ಮಣ್ಣು, ಕೊನೆಗೆ ಸವಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು. ಕಾಕಾ ಅದನ್ನು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು, ಎರಡು ಕಡೆಯದನ್ನು ಉಗುಳಿ ಬೇಡ ಅಂದರು. ಸವಳು ಮಣ್ಣು ಒದ್ದೆಯಾದರೆ ಹರಡಿಕೊಂಡು ಸಣ್ಣ ಸಣ್ಣ ಸಂದು ಮುಚ್ಚುತ್ತದೆ, ನೀರು ಕೆಳಗಿಳಿಯುವುದಿಲ್ಲ, ಹುಲ್ಲೂ ಅಷ್ಟಾಗಿ ಹುಟ್ಟುವುದಿಲ್ಲ.

ಒಲೆಗಳನ್ನು ಬೆಳಕಿಂಡಿ ಕೆಳಗೇ ಇಟ್ಟೆವು, ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ಕಮ್ಮಿಯಾಗಲಿ ಅಂತ. ದಿನಾ ಒಲೆ ಉರಿದರೆ ತೊಲೆಗೆ ಹುಳ ಹಿಡಿಯಲ್ಲ ಅನ್ನುತ್ತಾರೆ ಕಾಕಾ. ಗೆದ್ದಲು ಬಂದದ್ದೂ ಬೀಗ ಹಾಕಿದ ಮೇಲೇ ಅಲ್ವಾ?

ಮೊನ್ನೆಯ ದೊಡ್ಡ ಮಳೆಗೆ ಒಂದು ಮೂಲೆ ಸೋರಿತು. ಹತ್ತಿ ನೋಡಿದರೆ ಹುಡುಗರು ಗಾಳಿಪಟ ಹಾರಿಸುತ್ತಾ ತುಳಿದು ತಗ್ಗು ಮಾಡಿದ್ದರು. ಒಂದು ಪುಟ್ಟಿ ಮಣ್ಣು ಹಾಕಿ ಬಡಿದು ಇಳಿದೆ.