ಕುಲಸಚಿವರು ಯಾವ ಖಾತೆಯ ಮಂತ್ರಿ? ಕಾಲೇಜಿನ ಮಾತು ಕಲಿಸಿದ ನನ್ನ ಅನುಭವ

ಕಾಲೇಜು ಮತ್ತು ವಿಶ್ವವಿದ್ಯಾಲಯದ ವ್ಯವಹಾರದ ಪದಗಳನ್ನು ಪ್ರತ್ಯೇಕವಾಗಿ ಕಲಿಸಬೇಕೆಂದು ನಾನು ಮೊದಲ ಬಾರಿ ಸಭೆಯಲ್ಲಿ ಹೇಳಿದಾಗ, ‘ಮೂರು ವರ್ಷ ಇಲ್ಲೇ ಓಡಾಡುತ್ತಾರೆ, ತಾವಾಗಿಯೇ ಕಲಿತುಕೊಳ್ಳುತ್ತಾರೆ ಬಿಡಿ’ ಎಂಬ ಉತ್ತರ ಬಂದಿತ್ತು. ಹಾಗೆಂದ ಸಹೋದ್ಯೋಗಿಯೇ ಕಳೆದ ವರ್ಷ ತಮ್ಮ ವಿಭಾಗಕ್ಕೂ ಈ ಪದಗಳನ್ನು ಬರೆದ ನನ್ನ ಚೀಟಿಗಳ ಒಂದು ಕಟ್ಟು ಬೇಕೆಂದು ಕೇಳಿ ಪಡೆದರು. ಇದನ್ನು ಬರೆಯುವ ಧೈರ್ಯ ಬಂದದ್ದು ಆಮೇಲೆ.

ನಮ್ಮದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಸೇರುವವರಲ್ಲಿ ಹೆಚ್ಚಿನವರು ತಮ್ಮ ಮನೆಯಿಂದ ಪದವಿ ಮೆಟ್ಟಿಲು ಹತ್ತಿದ ಮೊದಲಿಗರು. ಹಳಗನ್ನಡ ಪದ್ಯವನ್ನು ತಡವರಿಸದೆ ಅನ್ವಯಿಸುತ್ತಿದ್ದ ಒಬ್ಬ ಹುಡುಗಿ ಬಸ್ ಪಾಸಿಗೆ ವ್ಯಾಸಂಗ ಪ್ರಮಾಣಪತ್ರ ಬೇಕಾಗಿದ್ದಾಗ ಕಚೇರಿಯ ಕಿಟಕಿಯಲ್ಲಿ ‘ಟಿಸಿ ಕೊಡಿ’ ಎಂದು ಕೇಳಿದಳು. ಗುಮಾಸ್ತರು ವರ್ಗಾವಣೆ ಪತ್ರದ ಅರ್ಜಿಯನ್ನೇ ಕೊಟ್ಟರು, ಅವಳು ಅದನ್ನೇ ತುಂಬಿದಳು. ಗ್ರಂಥಾಲಯದಲ್ಲಿ ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರಕ್ಕೆ ಸಹಿ ಕೇಳಲು ಹೋದಾಗ ಗ್ರಂಥಪಾಲಕರು ‘ಯಾಕಮ್ಮಾ, ಕಾಲೇಜು ಬಿಡ್ತೀಯಾ?’ ಎಂದು ಕೇಳಿದ್ದರಿಂದ ಉಳಿದುಕೊಂಡಳು. ಬಿ.ಎ. ಓದುತ್ತಿದ್ದವಳು ಒಂದು ಪದದ ದೆಸೆಯಿಂದ ಕಾಲೇಜಿನಿಂದ ಹೊರಗಿರುತ್ತಿದ್ದಳು.

ಮೊದಲ ಪ್ರಯತ್ನ 2018ರದು. ಸುಮಾರು ಆರುನೂರು ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಅರ್ಥ ಬರೆದು, ಇನ್ನೂರೈವತ್ತು ಪ್ರತಿ ಮುದ್ರಿಸಿದೆ. ಹನ್ನೊಂದೋ ಹನ್ನೆರಡೋ ಸಾವಿರ ರೂಪಾಯಿ ನನ್ನ ಜೇಬಿನಿಂದಲೇ ಹೋಯಿತು. ಒಂದು ತಿಂಗಳ ನಂತರ ಕಿರುಪರೀಕ್ಷೆ ಇಟ್ಟೆ. ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಎಂಬ ಅರ್ಥದ ‘ಕುಲಸಚಿವ’ ಎಂಬುದಕ್ಕೆ ಹೆಚ್ಚುಕಡಿಮೆ ಅರ್ಧ ತರಗತಿ ‘ಜಾತಿಯ ವಿಷಯ ನೋಡಿಕೊಳ್ಳುವ ಮಂತ್ರಿ’ ಎಂಬ ಧಾಟಿಯಲ್ಲಿ ಉತ್ತರಿಸಿತ್ತು. ವೈಸ್ ಚಾನ್ಸಲರ್ ಎಂಬ ಅರ್ಥದ ‘ಕುಲಪತಿ’ ಎಂದರೆ ಮನೆತನದ ಹಿರಿಯ, ಪದವಿ ಪ್ರದಾನ ಸಮಾರಂಭವಾದ ‘ಘಟಿಕೋತ್ಸವ’ ಎಂದರೆ ಮಡಕೆಯ ಹಬ್ಬ. ಮೊದಲು ನಕ್ಕೆ. ಆಮೇಲೆ ಯೋಚಿಸಿದರೆ, ಪದ ಬಿಡಿಸುವ ರೀತಿಯಲ್ಲಿ ಅವರ ತಪ್ಪೇನೂ ಇರಲಿಲ್ಲ. ಗುರುಕುಲದ ಕುಲವನ್ನು ಅವರು ಕಂಡಿರಲಿಲ್ಲ, ಊರಿನಲ್ಲಿ ದಿನಬೆಳಗಾದರೆ ಕೇಳುವ ಕುಲ ಬೇರೆಯದೇ ಆಗಿತ್ತು.

ಆ ಸೋಲನ್ನು ಸರಿಪಡಿಸಲು ಹೋಗಿ ಇನ್ನೊಂದು ತಪ್ಪು ಮಾಡಿದೆ. ಘಟಿಕೆ ಎಂದರೆ ಹಿಂದಿನ ಕಾಲದ ಉನ್ನತ ವಿದ್ಯಾಕೇಂದ್ರ ಎಂದು ತಿಳಿಸಲು ತಾಳಗುಂದದ ಶಾಸನ ತಂದು, ಕದಂಬ ವಂಶದ ಮಯೂರಶರ್ಮ ಹೆಚ್ಚಿನ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಜಗಳವಾದದ್ದು, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದದ್ದು ಎಲ್ಲವನ್ನೂ ಒಂದು ಪೂರ್ತಿ ಅವಧಿ ಹೇಳಿದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಆದರೆ ಘಟಿಕೋತ್ಸವದ ಪದವಿ ಪತ್ರಕ್ಕೂ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೂ ಇರುವ ವ್ಯತ್ಯಾಸ ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಕಥೆ ಉಳಿದಿತ್ತು, ಕೆಲಸ ಉಳಿದಿರಲಿಲ್ಲ.

ಗೋಡೆಯ ಪಟ, ದಿನಕ್ಕೊಂದು ಪದದ ವಾಟ್ಸಾಪ್ ಗುಂಪು, ಇವುಗಳ ಬಗ್ಗೆ ಬರೆಯುವಷ್ಟಿಲ್ಲ. ಗುಂಪಿನಲ್ಲಿ ಮೂರನೆಯ ವಾರದಿಂದ ಶುಭೋದಯದ ಹೂಗಳು ಬರತೊಡಗಿದವು.

ಹಣದ ವಿಷಯದಲ್ಲಿ ನಿಜವಾದ ಪೆಟ್ಟು ಬಿದ್ದದ್ದು ಎರಡನೆಯ ಮುದ್ರಣಕ್ಕೆ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಪದವಿ ತರಗತಿಗೆ ಬಂದಾಗ ಮುಕ್ತ ಆಯ್ಕೆ, ಕ್ರೆಡಿಟ್, ನಾಲ್ಕನೆಯ ವರ್ಷದ ಆನರ್ಸ್, ನಡುವೆ ಬಿಟ್ಟರೆ ಸಿಗುವ ಸರ್ಟಿಫಿಕೇಟ್, ಡಿಪ್ಲೊಮಾ ಎಂದು ಪದಗಳ ಸುರಿಮಳೆಯಾಯಿತು. ಉತ್ಸಾಹದಿಂದ ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಿದೆ. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ಎಂಟು-ಒಂಬತ್ತು ಸಾವಿರ ರೂಪಾಯಿಯ ಪುಸ್ತಿಕೆಗಳು ಈಗ ನಮ್ಮ ಮನೆಯ ಅಟ್ಟದಲ್ಲಿವೆ, ನನ್ನ ಹೆಂಡತಿ ಅವುಗಳನ್ನು ನನ್ನ ನಾಲ್ಕನೆಯ ವರ್ಷದ ಆನರ್ಸ್ ಎಂದು ಕರೆಯುತ್ತಾಳೆ.

ಆಗ ಅಚ್ಚಿನ ಆಸೆ ಬಿಟ್ಟು ಚೀಟಿಗೆ ಇಳಿದೆ. ಇದರಲ್ಲಿ ನಾನು ಕಂಡುಕೊಂಡದ್ದು ಒಂದೇ ಅಂಶ: ಚೀಟಿಯ ಮೇಲೆ ಸರಿಯಾದ ಪದ ಇರಬಾರದು, ವಿದ್ಯಾರ್ಥಿಯ ಬಾಯಲ್ಲಿರುವ ಪದವೇ ಇರಬೇಕು. ನಿಘಂಟಿನಲ್ಲಿ ಪದ ಹುಡುಕಲು ಆ ಪದ ಮೊದಲೇ ಗೊತ್ತಿರಬೇಕು, ನಮ್ಮ ಮಕ್ಕಳಿಗೆ ಗೊತ್ತಿಲ್ಲದ್ದು ಅದೇ. ಉದಾಹರಣೆಗೆ, ಫಲಿತಾಂಶ ಬಂದ ದಿನ ಅರ್ಧ ಕಾಲೇಜು ‘ಸರ್, ರೆವಲ್ಯೂಷನ್ ಹಾಕ್ತೀವಿ’ ಎನ್ನುತ್ತದೆ. ಆದ್ದರಿಂದ ಚೀಟಿಯ ಮುಂಬದಿಯಲ್ಲಿ ದೊಡ್ಡಕ್ಷರದಲ್ಲಿ ‘ರೆವಲ್ಯೂಷನ್’ ಎಂದೇ ಬರೆದೆ. ಹಿಂಬದಿಯಲ್ಲಿ ನಾಲ್ಕು ಸಾಲು: ಬರೆಯುವ ಪದ ಮರುಮೌಲ್ಯಮಾಪನ, ಮರುಎಣಿಕೆ ಬೇರೆ, ಅದರಲ್ಲಿ ಅಂಕಗಳನ್ನು ಕೂಡಿ ನೋಡುತ್ತಾರೆಯೇ ಹೊರತು ಉತ್ತರವನ್ನು ಮತ್ತೆ ಓದುವುದಿಲ್ಲ, ಕೇಳಬೇಕಾದ್ದು ಪರೀಕ್ಷಾ ವಿಭಾಗದ ಮೇಜಿನಲ್ಲಿ, ಶುಲ್ಕ ಮತ್ತು ಕೊನೆಯ ದಿನಾಂಕ. ಕೊನೆಯ ಸಾಲನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯುತ್ತೇನೆ, ಅದು ಪ್ರತಿ ಬಾರಿ ಬದಲಾಗುತ್ತದೆ. ಮೊದಲ ಕಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ಆರುನೂರು ರೂಪಾಯಿ ಕಳೆದುಕೊಂಡ ಮೇಲೆ ಪೆನ್ಸಿಲಿನ ಬೆಲೆ ತಿಳಿಯಿತು. ಈಗ ಚೀಟಿಗೆ ಬಳಸುವುದು ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ದಪ್ಪ ಕಾಗದ. ಮದುವೆಯ ಸುಗ್ಗಿಯಲ್ಲಿ ಹೋದರೆ ಒಂದು ಚೀಲ ಪುಕ್ಕಟೆಯಾಗಿ ಸಿಗುತ್ತದೆ.

ಆರುನೂರು ಪದಗಳು ನೂರನಲವತ್ತಕ್ಕೆ ಇಳಿದವು. ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಮುಂತಾದ ವಿಶ್ವವಿದ್ಯಾಲಯದ ಸಮಿತಿಗಳ ಹೆಸರು ನಮಗೆ ಬೇಕು, ಮೊದಲ ಸೆಮಿಸ್ಟರಿನವರಿಗೆ ಬೇಡ. ಕುಲಸಚಿವರು ಮಾತ್ರ ಉಳಿದರು, ಏಕೆಂದರೆ ಅಂಕಪಟ್ಟಿಯ ಹೆಸರಿನಲ್ಲಿ ಒಂದಕ್ಷರ ತಪ್ಪಾದರೆ ಮನವಿ ಹೋಗುವುದು ಕುಲಸಚಿವರು, ಮೌಲ್ಯಮಾಪನ ಎಂಬ ವಿಳಾಸಕ್ಕೆ. ಚೀಟಿಗಳನ್ನು ಹಂಚುವ ಕ್ರಮ, ಅದರಲ್ಲೂ ಮೊದಲ ಹನ್ನೆರಡು ಪದಗಳು ಯಾವುವು ಎಂಬುದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಅದಕ್ಕೆ ತುಂಬಾ ಕಾಲ ಹಿಡಿದಿದೆ. ಬಾಯಿ ಬಿಡದ ಹಿಂದಿನ ಬೆಂಚಿನವರನ್ನು ಮಾತಾಡಿಸಲು ಮಾಡುವ ಉಪಾಯವನ್ನೂ ಬರೆಯುವುದಿಲ್ಲ, ನಮ್ಮ ಹುಡುಗರು ಇದನ್ನು ಓದಿದರೆ ಮುಂದಿನ ವರ್ಷ ಅದು ನಡೆಯದು.

ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ವಿದ್ಯಾರ್ಥಿಗಳ ಆಡುಮಾತನ್ನು ಕಲೆಹಾಕಲು ಒಂದು ಹಳೆಯ ಹಾಜರಾತಿ ಪುಸ್ತಕವನ್ನು ಇಟ್ಟೆ. ಗೋತಾ, ಡುಮ್ಕಿ, ಚಕ್ಕರ್, ಉರು ಹೊಡೆಯುವುದು, ಕುಡುಮಿ ಎಂದು ಎರಡು ವಾರದಲ್ಲಿ ತೊಂಬತ್ತರಷ್ಟು ಬಂದವು. ಮೂರನೆಯ ದರ್ಜೆಗೆ ‘ಗಾಂಧಿ ಕ್ಲಾಸ್’ ಎಂಬ ನನ್ನ ಕಾಲದ ಮಾತು ಒಬ್ಬನಿಗೂ ಗೊತ್ತಿರಲಿಲ್ಲ, ಗ್ರೇಡು ಬಂದ ಮೇಲೆ ಅದಕ್ಕೆ ಕೆಲಸವೂ ಇರಲಿಲ್ಲವೆನ್ನಿ. ಸೆಮಿಸ್ಟರಿಗೆ ‘ಷಾಣ್ಮಾಸಿಕ’ ಎಂದು ಬಳಸಿ ನೋಡಿದೆ. ಸಂಸ್ಕೃತ ವಿಭಾಗದ ಹಿರಿಯರೊಬ್ಬರು ‘ಅದು ತಿಥಿ ಊಟದ ಮಾತು, ಪರೀಕ್ಷೆಗೆ ಹಚ್ಚಬೇಡಿ’ ಎಂದು ತಡೆದರು. ಗೆದ್ದದ್ದು ‘ಬಾಕಿ’. ಪಾಸಾಗದೆ ಉಳಿದ ವಿಷಯಕ್ಕೆ ಬ್ಯಾಕ್‌ಲಾಗ್ ಎನ್ನುವ ಬದಲು ‘ಎರಡು ಬಾಕಿ ಇದೆ’ ಎಂದು ನಾನು ಹೇಳತೊಡಗಿದ ಎರಡೇ ತಿಂಗಳಲ್ಲಿ ಕಾರಿಡಾರಿನಲ್ಲಿ ಅದೇ ಕೇಳಿಸಿತು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಿಂದ ಬಂದ ಪದವಾದ್ದರಿಂದ ಅದಕ್ಕೆ ಅರ್ಥ ಹೇಳಬೇಕಾಗಲಿಲ್ಲ, ತೀರಿಸಲೇಬೇಕು ಎಂಬುದೂ ಅದರೊಳಗೇ ಇತ್ತು.

ಫಲ ಏನಾಯಿತೆಂದರೆ, ಮೊದಲ ವರ್ಷದ ಸುಮಾರು ನೂರೆಂಬತ್ತು ಮಂದಿಯಲ್ಲಿ ಹಿಂದೆ ಮೂವತ್ತು-ಮೂವತ್ತೈದು ತಪ್ಪು ಅರ್ಜಿಗಳು ವಾಪಸಾಗುತ್ತಿದ್ದವು, ಕಳೆದ ವರ್ಷ ನಾಲ್ಕೈದು. ಸೈಬರ್ ಸೆಂಟರಿನವನು ಒಂದು ಅರ್ಜಿ ತುಂಬಲು ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದ. ಈಗ ಹುಡುಗಿಯರು ಗ್ರಂಥಾಲಯದ ಕಂಪ್ಯೂಟರಿನಲ್ಲಿ ತಾವೇ ತುಂಬಿ, ಮುದ್ರಣಕ್ಕಷ್ಟೇ ಅವನ ಹತ್ತಿರ ಹೋಗುತ್ತಾರೆ. ಅವನು ನನ್ನನ್ನು ಕಂಡರೆ ಮೊದಲಿನಷ್ಟು ನಗುವುದಿಲ್ಲ. ಒಟ್ಟು ಖರ್ಚು ವರ್ಷಕ್ಕೆ ಇನ್ನೂರು-ಮುನ್ನೂರು ದಾಟುವುದಿಲ್ಲ.

ನನ್ನನ್ನು ಇನ್ನೂ ಸೋಲಿಸುತ್ತಿರುವ ಚೀಟಿ ಒಂದಿದೆ. ಓದಿದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳನ್ನು ಕೂಡಿಡುವ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆಗೆ ಮಕ್ಕಳು ‘ಎಬಿಸಿಡಿ’ ಎನ್ನುತ್ತಾರೆ. ಮುಂಬದಿಯಲ್ಲಿ ಅದನ್ನೇ ಬರೆದು ವರ್ಷವಾಯಿತು. ಹಿಂಬದಿಗೆ ‘ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್’ ಎಂದು ಬರೆದಿದ್ದೆ, ಒಬ್ಬ ಹುಡುಗ ಪಾಸ್‌ಬುಕ್ ಹಿಡಿದುಕೊಂಡು ಬಂದ ಮೇಲೆ ಅಳಿಸಿದೆ. ನಿಮ್ಮ ಕಾಲೇಜಿನಲ್ಲಿ ಯಾರ ಬಾಯಲ್ಲಾದರೂ ಒಳ್ಳೆಯ ಮಾತು ಹುಟ್ಟಿದ್ದರೆ ತಿಳಿಸಿ, ಪೆನ್ಸಿಲಿನಲ್ಲೇ ಬರೆದುಕೊಳ್ಳುತ್ತೇನೆ.